ಸೆಕೆಂಡಿಗೆ ಹನ್ನೊಂದು ಮೀಟರ್

ತೊಕ್ಕೊಟ್ಟಿನಲ್ಲಿ ಬಸ್ಸು ಬದಲಿಸಿ ದೇರಳಕಟ್ಟೆಗೆ ಹೋದೆವು
ನಾನೂ ಇವರೂ.
ಕುತ್ತಿಗೆಗೊಂದು ಪೆನ್ನಿನಂಥದ್ದು, ತೊಡೆಯ ಸಂದಿಗೊಂದು.
ನಾಡಿ ಇಲ್ಲಿಂದ ಹೊರಟು ಅಲ್ಲಿಗೆ ಮುಟ್ಟಲು
ಎಷ್ಟು ಹೊತ್ತು ಎಂದು ನೋಡುತ್ತಾರಂತೆ.
ನಡುವಿನ ದೂರಕ್ಕೆ ಡಾಕ್ಟರ್ ವಿಯೋಲಾ ಹಿಡಿದದ್ದು
ನನ್ನ ಅಂಗಡಿಯದೇ ಥರದ ಟೇಪು.
"ಸಡಿಲ ಹಿಡಿದಿದ್ದೀರಿ" ಅಂದೆ. ನಕ್ಕಳು, ಬಿಗಿ ಮಾಡಿದಳು.

ಸೆಕೆಂಡಿಗೆ ಹನ್ನೊಂದು ಮೀಟರ್.

ಎರಡು ಸೀರೆ ತುದಿಗೆ ತುದಿ ಹೊಲಿದಷ್ಟು ಉದ್ದ
ಒಂದು ಸೆಕೆಂಡಿನಲ್ಲಿ!
ಮೊದಲು ನನಗೆ ಖುಷಿಯೇ ಆಯಿತು.
ವಯಸ್ಸಾದರೆ ಎಲ್ಲ ನಿಧಾನ ಅಂದುಕೊಂಡವಳು ನಾನು,
ಸೂಜಿಗೆ ನೂಲು, ಮೆಟ್ಟಿಲು, ಎದುರು ಸಿಕ್ಕವರ ಹೆಸರು.
ಇದೊಂದಾದರೂ ಓಡುತ್ತದಲ್ಲ.

"ಅಲ್ಲ ಸುಗಂಧಿಯಕ್ಕ" ಅಂದಳು,
"ಕೊಳವೆ ಗಡಸಾದಷ್ಟೂ ಅಲೆ ಬೇಗ.
ಮೆತ್ತಗಿದ್ದರೆ ಅದು ಉಬ್ಬಿ, ಮತ್ತೆ ತಗ್ಗಿ
ಸಾವಕಾಶ ಮುಂದೆ ಕಳಿಸುತ್ತದೆ.
ಮುಟ್ಟು ನಿಂತು ಎಷ್ಟು ವರ್ಷ?"

ಎಷ್ಟು ವರ್ಷ.
ಕೊನೆಯ ಸಲ ಬಂದಾಗ ಇದು ಕೊನೆಯದೆಂದು ಹೇಳಿ ಬಂದದ್ದಲ್ಲ.
ಸೊಸೈಟಿಯ ಕ್ಯಾಲೆಂಡರಿನಲ್ಲಿ ಒಂದು ಅಡ್ಡಗೀಟು,
ಆಮೇಲೆ ಗೀಟಿಲ್ಲದ ತಿಂಗಳುಗಳು,
ಆಮೇಲೆ ನಡುರಾತ್ರಿ ಬೆವರು, ಕಿಟಕಿ ತೆಗಿ, ಕಿಟಕಿ ಹಾಕು,
ಮಿಕ್ಕ ಒಂದು ಪ್ಯಾಕೆಟ್ಟು ಅಕ್ಕನ ಮಗಳಿಗೆ.
ಹೋದರೆ ಹೋಯಿತು ಪೀಡೆ, ಹೊಟ್ಟೆನೋವು ತಪ್ಪಿತು
ಎಂದಿದ್ದೆ.

ಅಲ್ಲಿ ಮಾತ್ರ ಕೆಲಸ ಮಾಡುತ್ತಿರಲಿಲ್ಲವಂತೆ ಆ ಹಾರ್ಮೋನು.
ರಕ್ತನಾಳದ ಒಳಗೋಡೆಗೂ ಹೋಗಿ
ಸಡಿಲ ಬಿಡು, ಸಡಿಲ ಬಿಡು ಎನ್ನುತ್ತಿತ್ತಂತೆ
ಮೂವತ್ತೈದು ವರ್ಷ, ಯಾರೂ ಹೇಳದೆ.
ನನಗೆ ರಮ್ಲತ್ ನೆನಪಾದಳು.

ಕಾಜಾ ಹಾಕಲಿಕ್ಕೆಂದು ಬಂದ ಹುಡುಗಿ. ಗುಂಡಿ, ಹುಕ್ಕು, ಅಷ್ಟೆ.
ಮದುವೆಯಾಗಿ ಉಪ್ಪಳಕ್ಕೆ ಹೋದ ಮೂರು ತಿಂಗಳಿಗೆ
ಮಿಷನ್ನಿನ ಚಕ್ರ ಕೈಗೆ ಭಾರವಾಯಿತು,
ಪೆಡಲು ಕಿರುಗುಟ್ಟಿತು.
ಆಗ ತಿಳಿಯಿತು: ದಿನಾ ಸಂಜೆ, ನಾನು ಲೆಕ್ಕ ಬರೆಯುವಾಗ
ಅವಳು ಎಣ್ಣೆ ಬಿಡುತ್ತಿದ್ದಳು.
ಬಿಡು ಎಂದು ನಾನು ಹೇಳಿರಲಿಲ್ಲ.
ಸಂಬಳದಲ್ಲಿ ಅದಕ್ಕೆ ಕಾಸೂ ಇರಲಿಲ್ಲ.

ಎಲ್ಲ ದೂರೂ ಅದರ ಮೇಲೆ ಹೊರಿಸಬೇಡಿ, ಅಂದಳು ಡಾಕ್ಟರ್.
ಉಪ್ಪು ಉಂಟು, ಒಣಮೀನು ಉಂಟು, ಅಪ್ಪನ ಬಿಪಿ ಉಂಟು,
ಹತ್ತು ತಾಸು ಕೂತೇ ಹೊಲಿಯುವುದುಂಟು.
ಹಾಗಾದರೆ ಹೋದದ್ದನ್ನೇ ಗುಳಿಗೆಯಲ್ಲಿ ಕೊಡಿ ಅಂದೆ.
"ಎಲ್ಲರಿಗೂ ಆಗುವುದಿಲ್ಲ ಮಾರಾಯ್ರೆ, ನೋಡುವ."
ಆ ನೋಡುವದಲ್ಲಿ ಹೌದೂ ಇರಲಿಲ್ಲ, ಇಲ್ಲವೂ.

ಹೊರಗೆ ಬೆಂಚಿನಲ್ಲಿ ತೂಕಡಿಸುತ್ತಿದ್ದ ಇವರನ್ನೂ ಮಲಗಿಸಿದರು.
ಗಂಡಸರದ್ದು ಮೆಟ್ಟಿಲಲ್ಲವಂತೆ, ಇಳಿಜಾರು;
ಇಳಿಯುವುದೇ ಗೊತ್ತಾಗುವುದಿಲ್ಲವಂತೆ.
ಇವರಿಗೆ ಅರವತ್ತು, ನಾಳಕ್ಕೆ ಅರವತ್ತೊಂದು.
ನನಗೆ ಐವತ್ತಮೂರು, ನಾಳಕ್ಕೆ ಅರವತ್ತನಾಲ್ಕು.
ಬಸ್ಸಿನಲ್ಲಿ ಇಡೀ ದಾರಿ
"ಅಕ್ಕಾ, ಕಿಟಕಿ ಬದಿ ಕೂತುಕೊಳ್ಳಿ" ಎಂದು ಒಂದೇ ತಮಾಷೆ.
ಎರಡನೇ ಬಸ್ಸಿನಲ್ಲಿ ಸುಮ್ಮನಾದರು.
ನನ್ನ ಮಣಿಕಟ್ಟು ಹಿಡಿದು, ನಾಡಿಯ ಜಾಗ ಸಿಗದೆ,
ಹಾಗೇ ಹಿಡಿದುಕೊಂಡಿದ್ದರು.

ಸಂಜೆ ಕಡಲ ಕಡೆ ನಡೆದೆ. ನಡೆಯಲು ಹೇಳಿದ್ದಾಳೆ.
ನಾನು ಚಿಕ್ಕವಳಿದ್ದಾಗ ಉಳ್ಳಾಲದ ಈ ಜಾಗ ಬರೀ ಹೊಯಿಗೆ.
ಅಲೆ ಬಂದು ಹತ್ತಿ, ಹರಡಿ, ಒಳಗೇ ಇಂಗಿ
ಹಿಂದೆ ಹೋಗುವಾಗ ಅರ್ಧವೂ ಇರುತ್ತಿರಲಿಲ್ಲ.
ಈಗ ಮನೆ ಉಳಿಸಲು ತಂದು ಸುರಿದ ಬಂಡೆ.
ಬಡಿದ ಅಲೆ ಬಡಿದಷ್ಟೇ ಹಿಂದಿರುಗಿ
ಬರುತ್ತಿರುವ ಇನ್ನೊಂದರ ಎದೆಗೆ ಹಾಯುತ್ತದೆ.
ಇದನ್ನೇ ಅಲ್ಲವೆ ಅವಳು ಹೇಳಿದ್ದು:
ಕಳಿಸಿದ್ದು ಬೇಗ ವಾಪಸು ಬಂದರೆ
ಮುಂದಿನದನ್ನು ತಳ್ಳಲು ಹೃದಯಕ್ಕೆ ಕಷ್ಟ.

ಅಂಗಡಿ ತೆರೆದು, ಎಣ್ಣೆ ಬಾಟ್ಲಿ ಹುಡುಕಿ
ತೂತು ತೂತಿಗೆ ಹನಿ ಬಿಟ್ಟೆ. ಚಕ್ರ ಹಗುರ ತಿರುಗಿತು.
ಆ ಸಡಗರದಲ್ಲಿ ಮೇಷ್ಟ್ರ ಹೆಂಡತಿಯ ಬಿಳಿ ರವಕೆಯನ್ನೇ
ಸೂಜಿಗೆ ಕೊಟ್ಟೆ.
ಬೆನ್ನಿನ ಹೊಲಿಗೆಯುದ್ದಕ್ಕೂ ಕಪ್ಪು ಚುಕ್ಕಿ.
ಎಣ್ಣೆ ಬಿಟ್ಟ ಮೇಲೆ ಮೊದಲ ಗೇಣು
ಹಳೆ ಬಟ್ಟೆಯಲ್ಲಿ ಓಡಿಸಬೇಕು.
ಅದನ್ನೂ ಅವಳೇ ಮಾಡುತ್ತಿದ್ದಳು.